ಅಂಗಳದ ತುಳಸಿ ಕಟ್ಟೆಗೆ ನೋಟಿಸ್ ಬಂದಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ಟೆಕ್ಸಾಸ್‌ನ ಹ್ಯೂಸ್ಟನ್ ಹತ್ತಿರ ಕೇಟಿಯಲ್ಲಿ ನಾಲ್ಕು ವರ್ಷಗಳ ಹಿಂದೆ ಮನೆ ಕೊಂಡೆವು. ಕಳೆದ ವರ್ಷ ಊರಿನಿಂದ ಅಮ್ಮ ಬಂದಾಗ ಮನೆಯ ಮುಂದೆ ಇಟ್ಟಿಗೆ, ಸಿಮೆಂಟಿನಲ್ಲಿ ಎರಡೂವರೆ ಅಡಿಯ ತುಳಸಿ ಕಟ್ಟೆ ಕಟ್ಟಿಸಿದೆವು. ಮನೆಯ ಪಕ್ಕದಲ್ಲಿ, ರಸ್ತೆಗೆ ಕಾಣುವಂತೆ, ಹೀರೆ ಬಳ್ಳಿಗೆ ಕಬ್ಬಿಣದ ಚಪ್ಪರವನ್ನೂ ಹಾಕಿಸಿದೆವು. ಯಾವುದಕ್ಕೂ ಅನುಮತಿ ಕೇಳಿರಲಿಲ್ಲ. ಜನವರಿಯಲ್ಲಿ ಎಚ್‌ಒಎಯಿಂದ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘದಿಂದ, ಒಂದು ಸಾಧಾರಣ ಪತ್ರ ಬಂತು; ಉತ್ತರ ಕೊಡಲಿಲ್ಲ. ಈಗ ಮಾರ್ಚ್ 4ರಂದು ಕಳುಹಿಸಿದ ಸರ್ಟಿಫೈಡ್ ಅಂಚೆ ಬಂದಿದೆ. ಎರಡನ್ನೂ ತೆಗೆಯದಿದ್ದರೆ ದಂಡ, ಆಮೇಲೆ ವಕೀಲರ ಖರ್ಚು ಎಂದು ಬರೆದಿದ್ದಾರೆ. ಮೂರು ಮನೆಯಾಚೆ ಇಂಥದೇ ಚಪ್ಪರವಿದೆ, ಅವರಿಗೆ ಏನೂ ಆಗಿಲ್ಲ. ದೂರು ಕೊಟ್ಟವರು ಯಾರೆಂದು ತಿಳಿಯಬಹುದೇ? ಈ ವರ್ಷದ ಶುಲ್ಕ ಕಟ್ಟದೆ ಪ್ರತಿಭಟಿಸಬಹುದೇ? ಮನೆಯೇ ಕೈತಪ್ಪುತ್ತದೆ ಎಂದು ನನ್ನ ಹೆಂಡತಿ ಹೆದರಿದ್ದಾಳೆ. ಕಟ್ಟೆ ಒಡೆದುಬಿಡಿ, ತುಳಸಿಯನ್ನು ಕುಂಡದಲ್ಲಿಡೋಣ ಎಂದು ಅಮ್ಮ ಹೇಳುತ್ತಿದ್ದಾರೆ.

ಉತ್ತರ: ಮೊದಲು ನಿಮ್ಮ ಮನೆಯವರ ಭಯ ಕಳೆಯೋಣ. ಬಾಕಿ ಇರುವುದು ಬರೀ ದಂಡ ಮತ್ತು ಆ ದಂಡಕ್ಕೆ ಸಂಬಂಧಿಸಿದ ವಕೀಲರ ಶುಲ್ಕ ಮಾತ್ರವಾದರೆ, ಟೆಕ್ಸಾಸ್‌ನಲ್ಲಿ ಯಾವ ಎಚ್‌ಒಎಯೂ ಮನೆಯನ್ನು ಹರಾಜಿಗೆ ಹಾಕುವಂತಿಲ್ಲ. ರಾಜ್ಯದ ಆಸ್ತಿ ಸಂಹಿತೆಯ 209ನೆಯ ಅಧ್ಯಾಯ ಇದನ್ನು ನೇರವಾಗಿಯೇ ನಿಷೇಧಿಸಿದೆ. ತುಳಸಿ ಕಟ್ಟೆಯ ಕಾರಣಕ್ಕೆ ನಿಮ್ಮ ಮನೆ ಹರಾಜಾಗುವುದಿಲ್ಲ.

ಆದರೆ ವಾರ್ಷಿಕ ಶುಲ್ಕದ ಬಾಕಿಗೆ ಈ ರಕ್ಷಣೆ ಇಲ್ಲ. ಅದು ಮನೆಯ ಮೇಲಿನ ಋಣ. ಅದಕ್ಕಾಗಿ ನ್ಯಾಯಾಲಯದ ಆದೇಶ ಪಡೆದು ಮನೆಯನ್ನು ಮಾರಿಸುವ ದಾರಿ ಸಂಘಕ್ಕೆ ತೆರೆದೇ ಇರುತ್ತದೆ. ಹಾಗಾಗಿ ಶುಲ್ಕ ತಡೆಹಿಡಿದು ಪ್ರತಿಭಟಿಸುವ ಯೋಚನೆಯನ್ನು ಇಲ್ಲಿಗೇ ಬಿಟ್ಟುಬಿಡಿ. ಒಳ್ಳೆಯ ಕೆಲಸ, ಒಳ್ಳೆಯ ಸಂಬಳ ಇದ್ದವರು ಬರೀ ಸಿಟ್ಟಿನಿಂದ ಶುಲ್ಕ ನಿಲ್ಲಿಸಿ, ಗೆಲ್ಲಬಹುದಾಗಿದ್ದ ಸಣ್ಣ ಜಗಳವನ್ನು ಸೋಲುವ ದೊಡ್ಡ ಜಗಳ ಮಾಡಿಕೊಂಡದ್ದನ್ನು ಕಂಡಿದ್ದೇನೆ. ಹಣ ಹೊಂದಿಸುವುದೇ ಕಷ್ಟವಾಗಿದ್ದರೆ ಅದು ಬೇರೆ ಮಾತು. ಹದಿನಾಲ್ಕಕ್ಕಿಂತ ಹೆಚ್ಚು ನಿವೇಶನಗಳಿರುವ ಸಂಘ ಕನಿಷ್ಠ ಮೂರು ತಿಂಗಳ ಕಂತಿನ ವ್ಯವಸ್ಥೆಯನ್ನು ಇಟ್ಟಿರಲೇಬೇಕು, ಅದನ್ನು ಕೇಳಿ ಪಡೆಯಿರಿ.

ಎರಡನೆಯದು ದಿನಾಂಕ. ಪತ್ರವನ್ನು ಅಂಚೆಗೆ ಹಾಕಿದ್ದು ಮಾರ್ಚ್ 4ರಂದು. ಬೋರ್ಡ್, ಅಂದರೆ ಸಂಘದ ಆಡಳಿತ ಮಂಡಳಿಯ ಮುಂದೆ ವಿಚಾರಣೆ ಕೇಳಲು ನಿಮಗಿರುವುದು ಅಂದಿನಿಂದ 30 ದಿನ, ಅಂದರೆ ಏಪ್ರಿಲ್ 3ರ ತನಕ. ಪತ್ರ ನಿಮ್ಮ ಕೈ ಸೇರಿದ ದಿನದಿಂದಲ್ಲ, ಅಂಚೆಗೆ ಹಾಕಿದ ದಿನದಿಂದ ಎಣಿಕೆ. ಅಂಚೆಯವನು ತಂದ ಪತ್ರಕ್ಕೆ ಸಹಿ ಹಾಕದೆ ವಾಪಸ್ ಕಳುಹಿಸಿದರೆ ನೋಟಿಸ್ ಬಂದಂತಾಗುವುದಿಲ್ಲ ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಅದು ಇಲ್ಲಿ ನಡೆಯುವುದಿಲ್ಲ. ಮೊದಲ ಮನೆಯನ್ನು ಬಾಡಿಗೆಗೆ ಕೊಟ್ಟು ಆಸ್ಟಿನ್‌ಗೋ ಡಲ್ಲಾಸ್‌ಗೋ ಹೋದವರಿಗೂ ಒಂದು ಮಾತು: ನಿಮ್ಮ ಈಗಿನ ವಿಳಾಸವನ್ನು ಸಂಘಕ್ಕೆ ಬರೆದು ತಿಳಿಸಿ. ಅವರ ದಾಖಲೆಯಲ್ಲಿರುವ ಕೊನೆಯ ವಿಳಾಸಕ್ಕೆ ಕಳುಹಿಸಿದರೆ ಅವರ ಕರ್ತವ್ಯ ಮುಗಿಯಿತು. ಬಾಡಿಗೆದಾರರ ಮನೆಯ ಮೂಲೆಯಲ್ಲಿ ನಿಮ್ಮ ಪತ್ರ ಬಿದ್ದಿರುತ್ತದೆ, ಇತ್ತ ದಿನಗಳು ಉರುಳುತ್ತಿರುತ್ತವೆ.

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದಲ್ಲಿದ್ದು ಬಂದವರಿಗೆ ಎಚ್‌ಒಎ ಎಂದರೆ ನೀರಿನ ಟ್ಯಾಂಕರ್, ಲಿಫ್ಟ್, ಕಾವಲುಗಾರ ನೋಡಿಕೊಳ್ಳುವ ಸಮಿತಿ ಎಂದು ಅನ್ನಿಸುತ್ತದೆ. ಇಲ್ಲಿಯದು ಬೇರೆ ಜಾತಿಯದು. ಬಡಾವಣೆ ಮಾಡಿದವನು ಮೊದಲ ನಿವೇಶನ ಮಾರುವ ಮೊದಲೇ ಮನೆಯ ಬಣ್ಣ, ಬೇಲಿಯ ಎತ್ತರ, ರಸ್ತೆಯಿಂದ ಎಷ್ಟು ಜಾಗ ಬಿಡಬೇಕು ಎಂಬುದನ್ನೆಲ್ಲ ಬರೆದು ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ನೋಂದಾಯಿಸುತ್ತಾನೆ. ಇದೇ ಡೀಡ್ ರೆಸ್ಟ್ರಿಕ್ಷನ್. ಅದು ಭೂಮಿಗೆ ಅಂಟಿಕೊಂಡಿರುತ್ತದೆ. ನೀವು ಓದಿರಿ, ಓದದಿರಿ, ಮನೆ ಕೊಂಡ ಕ್ಷಣದಿಂದ ಅದಕ್ಕೆ ಬದ್ಧರು. ಹ್ಯೂಸ್ಟನ್ ಸುತ್ತಮುತ್ತ ಇದರ ಬಲ ಹೆಚ್ಚಾಗಿರುವುದಕ್ಕೆ ಕಾರಣವಿದೆ. ಆ ನಗರದಲ್ಲಿ ವಲಯ ನಿಯಮವೇ ಇಲ್ಲ, ಅಂದರೆ ಎಲ್ಲಿ ಮನೆ, ಎಲ್ಲಿ ಅಂಗಡಿ ಎಂದು ನಗರ ಗೊತ್ತುಮಾಡುವ ಜೋನಿಂಗ್ ಇಲ್ಲ. 1948, 1962 ಮತ್ತು 1993ರಲ್ಲಿ ಮತದಾರರು ಅದನ್ನು ತಿರಸ್ಕರಿಸಿದರು. ನಗರದ ಹೊರಗಿನ ಕೌಂಟಿಗಳಿಗೆ ಸಾಮಾನ್ಯವಾಗಿ ಅಂಥ ಅಧಿಕಾರವೇ ಇಲ್ಲ. ಪಕ್ಕದ ಮನೆ ಗ್ಯಾರೇಜ್ ಅಂಗಡಿಯಾಗದಂತೆ ತಡೆಯುವುದು ಬೇರೆಡೆ ನಗರಸಭೆಯ ಕೆಲಸ, ಇಲ್ಲಿ ಈ ಕಾಗದದ ಕೆಲಸ. ಹ್ಯೂಸ್ಟನ್ ನಗರ ಮಿತಿಯೊಳಗೆ ನಗರದ ಕಾನೂನು ವಿಭಾಗವೇ ಕೆಲವು ನಿರ್ಬಂಧಗಳ ಪರವಾಗಿ ದಾವೆ ಹೂಡಬಲ್ಲದು.

ಹಾಗೆಂದು ಕಾಗದದಲ್ಲಿ ಬರೆದದ್ದೆಲ್ಲ ವೇದವಾಕ್ಯವಲ್ಲ. ಹಳೆಯ ಬಡಾವಣೆಗಳ ಇಂಥದೇ ಪತ್ರಗಳಲ್ಲಿ ‘ಬಿಳಿಯರಲ್ಲದವರಿಗೆ ಮಾರಬಾರದು’ ಎಂಬ ಷರತ್ತು ಇರುತ್ತಿತ್ತು. ನಮ್ಮಂಥವರನ್ನೂ ಹೊರಗಿಟ್ಟ ಮಾತು ಅದು. ಅದನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿ, ಶೆಲ್ಲಿ ಮತ್ತು ಕ್ರೇಮರ್ ನಡುವಣ ಪ್ರಕರಣದಲ್ಲಿ ಹೇಳಿತು. ಕಾಗದದ ಮೇಲೆ ಕಾನೂನು ಇದೆ ಎಂಬುದನ್ನು ನೆನಪಿಡಿ. ನಿಮ್ಮ ಅಮ್ಮನ ತುಳಸಿಯ ವಿಷಯದಲ್ಲಿ ಅದು ಕೆಲಸಕ್ಕೆ ಬರುತ್ತದೆ.

ಇನ್ನು ದೂರು ಹೇಗೆ ನಡೆದು ಬರುತ್ತದೆ ಎಂಬುದು. ನಾನು ಸಂಘಗಳ ಪರವಾಗಿಯೂ ಮನೆಯವರ ಪರವಾಗಿಯೂ ಇಂಥ ಕಡತಗಳನ್ನು ನೋಡಿದ್ದೇನೆ. ಜನ ಅಂದುಕೊಳ್ಳುವಂತೆ ಎಲ್ಲ ಪತ್ರದ ಹಿಂದೆಯೂ ಒಬ್ಬ ನೆರೆಯವನು ಇರುವುದಿಲ್ಲ. ಸಂಘದ ಕೆಲಸ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಕಂಪನಿಯ ಒಬ್ಬರು ಆಗಾಗ ಬಡಾವಣೆಯಲ್ಲಿ ಕಾರಿನಲ್ಲಿ ನಿಧಾನವಾಗಿ ಸುತ್ತುತ್ತಾರೆ, ರಸ್ತೆಯಿಂದಲೇ ಫೋಟೊ ತೆಗೆಯುತ್ತಾರೆ, ಬೆಳೆದ ಹುಲ್ಲು, ಹೊರಗಿಟ್ಟ ಕಸದ ಡಬ್ಬಿ, ಬಣ್ಣ ಕಳೆದುಕೊಂಡ ಬೇಲಿ ಎಂದು ಬರೆದುಕೊಳ್ಳುತ್ತಾರೆ. ನೆರೆಯವರು ಇಮೇಲ್‌ನಲ್ಲಿ ದೂರು ಕೊಟ್ಟರೂ ಅದನ್ನು ಸ್ಥಳಕ್ಕೆ ಬಂದು ನೋಡಿ ಖಚಿತಪಡಿಸಿಕೊಳ್ಳುವುದು ಒಳ್ಳೆಯ ಸಂಘಗಳ ಪದ್ಧತಿ. ಆಮೇಲೆ ಮೊದಲ ಪತ್ರ ಬರುತ್ತದೆ, ಮೆತ್ತಗಿನ ಭಾಷೆಯಲ್ಲಿ. ನಿಮಗೆ ಜನವರಿಯಲ್ಲಿ ಬಂದದ್ದು ಅದು. ಅದಕ್ಕೆ ಎರಡು ಸಾಲಿನ ಉತ್ತರ ಕೊಟ್ಟಿದ್ದರೆ ಬಹುಶಃ ಈ ವಿಷಯ ಇಲ್ಲಿಯವರೆಗೆ ಬರುತ್ತಿರಲಿಲ್ಲ. ಹಳಿಯಲು ಹೇಳುತ್ತಿಲ್ಲ. ಸುಮ್ಮನಿದ್ದರೆ ತಣ್ಣಗಾಗುತ್ತದೆ ಎಂಬುದು ನಮ್ಮ ಊರಿನ ಜಗಳಗಳಲ್ಲಿ ಎಷ್ಟೋ ಸಲ ನಿಜ. ಕಡತದಲ್ಲಿ ಮಾತ್ರ ಮೌನಕ್ಕೆ ‘ಉತ್ತರವಿಲ್ಲ’ ಎಂಬ ಒಂದೇ ಅರ್ಥ.

ಉತ್ತರ ಬಾರದಿದ್ದಾಗ ಹೊರಡುವುದು ಈಗ ನಿಮ್ಮ ಕೈಯಲ್ಲಿರುವ ಪತ್ರ. ಈ ವ್ಯವಹಾರದಲ್ಲಿರುವವರು ಅದನ್ನು ‘209 ಪತ್ರ’ ಎನ್ನುತ್ತಾರೆ. ಅದನ್ನು ಮೇಜಿನ ಮೇಲೆ ಹರಡಿ ನಿಧಾನವಾಗಿ ಓದಿ. ಉಲ್ಲಂಘನೆ ಏನೆಂದು ವಿವರಿಸಿರಬೇಕು. ಯಾವ ದಿನದೊಳಗೆ ಸರಿಪಡಿಸಿದರೆ ದಂಡವಿಲ್ಲ ಎಂದು ದಿನಾಂಕ ಹಾಕಿರಬೇಕು. 30 ದಿನದೊಳಗೆ ವಿಚಾರಣೆ ಕೇಳುವ ಹಕ್ಕು ನಿಮಗಿದೆ ಎಂದು ತಿಳಿಸಿರಬೇಕು. ಸೇನೆಯಲ್ಲಿರುವವರಿಗೆ ಇರುವ ವಿಶೇಷ ರಕ್ಷಣೆಯ ಪ್ರಸ್ತಾಪವೂ ಇರಬೇಕು. ಇವುಗಳಲ್ಲಿ ಒಂದು ತಪ್ಪಿದ್ದರೂ ನೋಟಿಸಿನಲ್ಲಿ ದೋಷವಿದೆ ಎಂದು ನೀವು ಎತ್ತಿ ತೋರಿಸಬಹುದು. ಇದೇ ಬಗೆಯ ಉಲ್ಲಂಘನೆಗೆ ಹಿಂದಿನ ಆರು ತಿಂಗಳಲ್ಲಿ ಇಂಥ ನೋಟಿಸ್ ಕೊಟ್ಟು ಸರಿಪಡಿಸಲು ಅವಕಾಶ ಕೊಟ್ಟಿದ್ದರೆ ಮಾತ್ರ ಮತ್ತೆ ಅವಕಾಶ ಕೊಡಬೇಕಾಗಿಲ್ಲ.

ಸರಿಪಡಿಸಬಹುದಾದ ಉಲ್ಲಂಘನೆ, ಸರಿಪಡಿಸಲಾಗದ ಉಲ್ಲಂಘನೆ ಎಂದು ಕಾನೂನು ಎರಡು ಬಗೆ ಮಾಡುತ್ತದೆ. ಕಟ್ಟೆ, ಚಪ್ಪರ ಎರಡೂ ಮೊದಲನೆಯ ಬಗೆಯವು; ಸರಿಪಡಿಸಿದರೆ ದಂಡವಿಲ್ಲ. ಪಟಾಕಿ ಹೊಡೆಯುವುದು ಎರಡನೆಯ ಬಗೆಯದು ಎಂದು ಕಾನೂನಿನಲ್ಲೇ ಉದಾಹರಣೆಯಾಗಿ ಬರೆದಿದ್ದಾರೆ. ಹೊಡೆದ ಪಟಾಕಿಯನ್ನು ಹೊಡೆಯದಂತೆ ಮಾಡಲಾಗುವುದಿಲ್ಲವಲ್ಲ. ದೀಪಾವಳಿಗೆ ಮುಂಚೆ ಮಕ್ಕಳಿಗೆ ಇದನ್ನು ತಿಳಿಸಿಡಿ. ಅಲ್ಲಿ ‘ಇನ್ನು ಮುಂದೆ ಮಾಡುವುದಿಲ್ಲ’ ಎಂದರೆ ದಂಡ ತಪ್ಪುವುದಿಲ್ಲ.

ವಿಚಾರಣೆ ಕೇಳಿ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನೀವು ಕೇಳಿದ ಕ್ಷಣದಿಂದ ಕರ್ತವ್ಯಗಳ ಭಾರ ಸಂಘದ ಕಡೆಗೆ ಹೊರಳುತ್ತದೆ. ಕೋರಿಕೆ ತಲುಪಿದ 30 ದಿನದೊಳಗೆ ಅವರು ವಿಚಾರಣೆ ನಡೆಸಬೇಕು. ದಿನ, ಹೊತ್ತು, ಸ್ಥಳವನ್ನು ಹತ್ತು ದಿನ ಮುಂಚೆ ತಿಳಿಸಬೇಕು. ಅಲ್ಲಿ ಹಾಜರುಪಡಿಸಲಿರುವ ಎಲ್ಲ ದಾಖಲೆ, ಫೋಟೊ, ಪತ್ರವ್ಯವಹಾರಗಳ ಕಟ್ಟನ್ನೂ ಹತ್ತು ದಿನ ಮುಂಚೆಯೇ ನಿಮಗೆ ಕೊಡಬೇಕು. ಕೊಡದಿದ್ದರೆ 15 ದಿನದ ಮುಂದೂಡಿಕೆ ನಿಮ್ಮ ಹಕ್ಕು. 2021ರ ತಿದ್ದುಪಡಿಯಿಂದ ಬಂದ ಅನುಕೂಲ ಇದು. ವಿಚಾರಣೆಯ ದಿನ ಮೊದಲು ಅವರು ತಮ್ಮ ಪಕ್ಷ ಹೇಳಬೇಕು, ಆಮೇಲೆ ನೀವು. ಮಾತನ್ನು ನೀವು ಧ್ವನಿಮುದ್ರಣ ಮಾಡಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು: ವಿಚಾರಣೆ ಮುಗಿಯುವ ತನಕ ಸಂಘ ತನ್ನ ವಕೀಲರಿಗೆ ಕೊಟ್ಟ ಹಣವನ್ನು ನಿಮ್ಮ ತಲೆಗೆ ಕಟ್ಟುವಂತಿಲ್ಲ. ವಿಚಾರಣೆ ಕೇಳದವರಿಗೆ ಈ ರಕ್ಷಣೆ ಆ 30 ದಿನಕ್ಕೇ ಮುಗಿಯುತ್ತದೆ. ಇಂಥ ಪ್ರಕರಣಗಳಲ್ಲಿ ಮನೆಯವರನ್ನು ಮುಳುಗಿಸುವುದು ದಂಡಕ್ಕಿಂತ ಹೆಚ್ಚಾಗಿ ವಕೀಲರ ಬಿಲ್ಲು. ದಾವೆ ಹೂಡಿ ಸಂಘ ಗೆದ್ದರೆ ಅವರ ವಕೀಲರ ಖರ್ಚನ್ನು ನಿಮ್ಮಿಂದ ಕೊಡಿಸಲು ಆಸ್ತಿ ಸಂಹಿತೆಯಲ್ಲಿ ಅವಕಾಶವಿದೆ, ಉಲ್ಲಂಘನೆಯ ದಿನವೊಂದಕ್ಕೆ 200 ಡಾಲರ್‌ವರೆಗೆ ಪರಿಹಾರ ವಿಧಿಸುವ ಅಧಿಕಾರವೂ ನ್ಯಾಯಾಧೀಶರಿಗಿದೆ. ಆ ಬಾಗಿಲಿಗೆ ಹೋಗುವ ಮೊದಲೇ ಮಾತು ಮುಗಿಸಬೇಕು.

ವಿಚಾರಣೆ ಎಂದರೆ ಹೆದರಬೇಡಿ. ಕ್ಲಬ್‌ಹೌಸಿನ ಒಂದು ಕೋಣೆಯಲ್ಲಿ ಮೂವರೋ ಐವರೋ ಕೂತಿರುತ್ತಾರೆ, ನಿಮ್ಮ ಹಾಗೆಯೇ ಸಂಬಳದ ಕೆಲಸ ಮುಗಿಸಿ ಸಂಜೆ ಬಂದವರು. ಅವರಿಗೆ ಸಂಬಳವಿಲ್ಲ. ದಂಡ ಹಾಕುವ ತೀರ್ಮಾನವನ್ನು ಮುಂಚಿತವಾಗಿ ತಿಳಿಸಿದ, ಎಲ್ಲರಿಗೂ ತೆರೆದ ಸಭೆಯಲ್ಲೇ ಮಾಡಬೇಕು. ಸಾಮಾನ್ಯ ಸಭೆಯಾದರೆ 144 ಗಂಟೆ ಮುಂಚೆ ಸದಸ್ಯರಿಗೆ ತಿಳಿಸಬೇಕು. ದಂಡದ ಪಟ್ಟಿಯೂ ಅವರ ಮನಸ್ಸಿಗೆ ಬಂದಂತೆ ಇರುವ ಹಾಗಿಲ್ಲ. ಯಾವ ಬಗೆಯ ಉಲ್ಲಂಘನೆಗೆ ಎಷ್ಟು ಎಂಬ ಲಿಖಿತ ನೀತಿಯನ್ನು 2024ರ ಜನವರಿ 1ರಿಂದ ದಂಡ ಹಾಕುವ ಸಂಘಗಳೆಲ್ಲ ಹೊಂದಿರಬೇಕು. ನಿಮ್ಮ ಸಂಘದ್ದನ್ನು ತೆಗೆದು ನೋಡಿ. ಅವರು ಉಲ್ಲೇಖಿಸಿದ ನಿಯಮ ಕೌಂಟಿಯಲ್ಲಿ ನೋಂದಣಿಯಾಗಿದೆಯೇ ಎಂದೂ ನೋಡಿ. ನೋಂದಣಿಯಾಗದ ನಿಯಮಕ್ಕೆ ಬಲವಿಲ್ಲ.

ಈಗ ಕಟ್ಟೆಯ ವಿಷಯ. ಅಮ್ಮನಿಗೆ ಹೇಳಿ, ಇನ್ನೂ ಒಡೆಯಬೇಡಿ. ಪ್ರಾಮಾಣಿಕವಾದ ಧಾರ್ಮಿಕ ನಂಬಿಕೆಯಿಂದ ಇಟ್ಟ ವಸ್ತುಗಳನ್ನು ಎಚ್‌ಒಎ ನಿಷೇಧಿಸುವಂತಿಲ್ಲ ಎಂದು ಆಸ್ತಿ ಸಂಹಿತೆಯ 202.018 ಹೇಳುತ್ತದೆ. 2011ರಲ್ಲಿ ಈ ಕಾನೂನು ಬಂದಾಗ ಅದು ಕಾಯ್ದದ್ದು ಬಾಗಿಲು ಮತ್ತು ಬಾಗಿಲ ಚೌಕಟ್ಟಿನ ಮೇಲಿನ 25 ಚದರ ಅಂಗುಲವನ್ನು ಮಾತ್ರ. ಮಾವಿನ ತೋರಣಕ್ಕೂ ಸಾಲದ ಜಾಗ. 2021ರಲ್ಲಿ ಆ ಅಳತೆಯನ್ನು ತೆಗೆದು, ಮನೆಗೂ ಅದರ ಅಂಗಳಕ್ಕೂ ರಕ್ಷಣೆಯನ್ನು ಹಿಗ್ಗಿಸಿದರು. ಎಷ್ಟೋ ಬೋರ್ಡುಗಳ ಬಳಿ ಇನ್ನೂ ಹಳೆಯ ನಿಯಮದ ಪ್ರತಿಯೇ ಇರುತ್ತದೆ, ಅದನ್ನೇ ನೋಡಿ ಪತ್ರ ಬರೆಯುತ್ತಾರೆ.

ಆದರೆ ವಿನಾಯಿತಿಗಳನ್ನೂ ಓದಿಕೊಳ್ಳಬೇಕು, ನಿಮ್ಮ ಪ್ರಕರಣ ಅಲ್ಲೇ ನಿಲ್ಲುವುದೋ ಬೀಳುವುದೋ ಆಗುತ್ತದೆ. ವಸ್ತು ಸಂಘಕ್ಕೆ ಸೇರಿದ ಜಾಗದಲ್ಲಿರಬಾರದು. ಆರೋಗ್ಯಕ್ಕೋ ಸುರಕ್ಷತೆಗೋ ಅಪಾಯವಾಗಬಾರದು. ಬಿಲ್ಡಿಂಗ್ ಲೈನ್ (ಕಟ್ಟಡ ದಾಟಬಾರದ ಗೆರೆ), ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಜಾಗ), ಈಸ್‌ಮೆಂಟ್‌ಗಳನ್ನು (ಕೊಳವೆ, ತಂತಿ ಮುಂತಾದವುಗಳಿಗಾಗಿ ಇತರರಿಗೆ ಬಳಕೆಯ ಹಕ್ಕಿರುವ ಜಾಗ) ಮೀರಬಾರದು. ಮನೆ ಕೊಂಡ ದಿನ ಕೊಟ್ಟ ಕಾಗದದ ಕಟ್ಟಿನಲ್ಲಿ ಸರ್ವೆ ನಕ್ಷೆ ಇರುತ್ತದೆ. ಅದರಲ್ಲಿ ರಸ್ತೆಗೆ ಸಮಾನಾಂತರವಾಗಿ ಒಂದು ಗೆರೆ ಎಳೆದು ಅಡಿಗಳ ಲೆಕ್ಕ ಬರೆದಿರುತ್ತಾರೆ. ಟೇಪು ಹಿಡಿದು ಅಳೆಯಿರಿ. ಕಟ್ಟೆ ಆ ಗೆರೆಯಿಂದ ಮನೆಯ ಕಡೆಗಿದ್ದರೆ ನಿಮ್ಮ ಪಕ್ಷ ಗಟ್ಟಿ. ಗೆರೆ ದಾಟಿ ರಸ್ತೆಯ ಕಡೆಗಿದ್ದರೆ ಕಾನೂನು ನಿಮ್ಮ ಕೈಬಿಡುತ್ತದೆ, ಕಟ್ಟೆಯನ್ನು ಹಿಂದಕ್ಕೆ ಸರಿಸುವುದೇ ದಾರಿ. ಇದು ಧಾರ್ಮಿಕ ವಸ್ತುವಲ್ಲ, ಅನುಮತಿಯಿಲ್ಲದೆ ಕಟ್ಟಿದ ಕಟ್ಟಡ ಎಂದು ಸಂಘ ವಾದಿಸಬಹುದು ಎಂಬುದನ್ನೂ ಮುಚ್ಚಿಡುವುದಿಲ್ಲ. ಅದಕ್ಕೇ ನನ್ನ ಸಲಹೆ: ಎಸಿಸಿಗೆ, ಅಂದರೆ ಕಟ್ಟಡ ವಿನ್ಯಾಸದ ಸಮಿತಿಗೆ, ಈಗಲೇ ಅರ್ಜಿ ಹಾಕಿ. ತಡವಾದ ಅರ್ಜಿಯೂ ಅರ್ಜಿಯೇ. ಅದರಲ್ಲಿ ಅಳತೆ, ಫೋಟೊ ಮತ್ತು ಒಂದು ಪ್ಯಾರಾದಲ್ಲಿ ತುಳಸಿ ಎಂದರೇನು, ಅಮ್ಮ ದಿನವೂ ಅಲ್ಲಿ ಏನು ಮಾಡುತ್ತಾರೆ ಎಂಬುದನ್ನು ಬರೆಯಿರಿ. ಬೋರ್ಡಿನಲ್ಲಿ ಕೂತವರಿಗೆ ಅದು ಏನೆಂದೇ ಗೊತ್ತಿರುವುದಿಲ್ಲ. ಫೋಟೊದಲ್ಲಿ ಅವರಿಗೆ ಕಾಣುವುದು ಇಟ್ಟಿಗೆಯ ಕಂಬ ಮಾತ್ರ. ಬೆಳಿಗ್ಗೆ ನೀರೆರೆದು ದೀಪ ಹಚ್ಚಿ ಸುತ್ತು ಬರುವ ಒಬ್ಬ ವಯಸ್ಸಾದ ತಾಯಿ ಕಂಡರೆ ನೋಟ ಬದಲಾಗುತ್ತದೆ. ಇದು ನಾಟಕವಲ್ಲ, ನಿಮ್ಮ ಮನೆಯ ಸತ್ಯ. ಕಾನೂನು ಕೇಳುವುದೂ ಅದನ್ನೇ: ನಂಬಿಕೆ ಪ್ರಾಮಾಣಿಕವೇ ಎಂದು.

ಚಪ್ಪರದ ವಿಷಯದಲ್ಲಿ ಹೋರಾಡಬೇಡಿ. ಹೀರೆಕಾಯಿಗೆ ಧರ್ಮದ ರಕ್ಷಣೆ ಇಲ್ಲ. ಹಿತ್ತಿಲಿಗೆ ಸಾಗಿಸಿ, ಬೇಲಿಗಿಂತ ಎತ್ತರವಾಗದಂತೆ ನೋಡಿಕೊಳ್ಳಿ, ಅದಕ್ಕೂ ಎಸಿಸಿ ಅನುಮತಿ ಪಡೆಯಿರಿ. ತೆಗೆದ ಜಾಗದ ಫೋಟೊ ತೆಗೆದು ವಿಚಾರಣೆಗೆ ಒಯ್ಯಿರಿ. ಎರಡರಲ್ಲಿ ಒಂದನ್ನು ತಾವಾಗಿಯೇ ಸರಿಪಡಿಸಿಕೊಂಡು ಬಂದವರ ಮಾತನ್ನು ಬೋರ್ಡು ಬೇರೆ ಕಿವಿಯಿಂದ ಕೇಳುತ್ತದೆ.

‘ಅವರಿಗೇಕೆ ಏನೂ ಮಾಡಲಿಲ್ಲ’ ಎಂಬ ವಾದ ನೀವು ಅಂದುಕೊಂಡಷ್ಟು ಬಲವಾದದ್ದಲ್ಲ. ಒಂದು ನಿಯಮವನ್ನು ಸಂಘ ಕೈಬಿಟ್ಟಿದೆ ಎಂದು ಸಾಧಿಸಲು ಬಡಾವಣೆಯ ತುಂಬ ಅದರ ಉಲ್ಲಂಘನೆ ನಡೆದಿದ್ದು ಸಂಘ ಸುಮ್ಮನಿತ್ತು ಎಂದು ತೋರಿಸಬೇಕು. ಒಂದು ಚಪ್ಪರ ಸಾಲದು. ಅಷ್ಟೇ ಅಲ್ಲ, ಅವರಿಗೂ ನೋಟಿಸ್ ಹೋಗಿರಬಹುದು. ಸಂಘದ ಲೆಕ್ಕಪತ್ರ, ದಾಖಲೆಗಳನ್ನು ನೋಡುವ ಹಕ್ಕು ನಿಮಗಿದೆ, ಆದರೆ ಇನ್ನೊಬ್ಬ ಮನೆಯವರ ಉಲ್ಲಂಘನೆಯ ಇತಿಹಾಸವನ್ನು ಅವರ ಒಪ್ಪಿಗೆಯಿಲ್ಲದೆ ನಿಮಗೆ ತೋರಿಸಬೇಕಾಗಿಲ್ಲ. ನಿಮ್ಮದನ್ನೂ ಅವರಿಗೆ ತೋರಿಸಬೇಕಾಗಿಲ್ಲ. ಬೇರೆ ಧರ್ಮದವರ ಮೂರ್ತಿ, ಶಿಲುಬೆಗಳು ಅಂಗಳಗಳಲ್ಲಿ ಇದ್ದು ನಿಮ್ಮ ಕಟ್ಟೆಗೆ ಮಾತ್ರ ಪತ್ರ ಬಂದಿದ್ದರೆ ಮಾತು ಬೇರೆ. ಸಂಘದ ನಡೆ ಮನಬಂದಂತೆ ಅಥವಾ ತಾರತಮ್ಯದಿಂದ ಕೂಡಿದ್ದರೆ ಅದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ರಸ್ತೆಯಿಂದ ಫೋಟೊ ತೆಗೆದು ದಿನಾಂಕದೊಂದಿಗೆ ಇಟ್ಟುಕೊಳ್ಳಿ. ಆ ಮನೆಗಳ ಮೇಲೆ ನೀವು ದೂರು ಕೊಡಬೇಡಿ.

ದೂರು ಕೊಟ್ಟವರು ಯಾರೆಂದು ಸಂಘ ಸಾಮಾನ್ಯವಾಗಿ ಹೇಳುವುದಿಲ್ಲ. ದಾಖಲೆಗಳ ಕಟ್ಟಿನಲ್ಲೂ ವಿಚಾರಣೆಯಲ್ಲಿ ಬಳಸುವುದಷ್ಟೇ ಇರುತ್ತದೆ. ತಿಳಿದುಕೊಂಡು ಏನು ಮಾಡುತ್ತೀರಿ? ಎಡಗಡೆಯವರೋ ಬಲಗಡೆಯವರೋ ಎಂದು ತಿಂಗಳುಗಟ್ಟಲೆ ಅನುಮಾನಪಟ್ಟು, ಕೊನೆಗೆ ಅದು ಕಾರಿನಲ್ಲಿ ಬಂದ ಇನ್‌ಸ್ಪೆಕ್ಟರ್ ತೆಗೆದ ಫೋಟೊ ಎಂದು ಗೊತ್ತಾದ ಕುಟುಂಬವೊಂದನ್ನು ಬಲ್ಲೆ. ಆ ವೇಳೆಗೆ ಎರಡೂ ಕಡೆಯ ಮನೆಗಳ ಜೊತೆ ಮಾತು ನಿಂತಿತ್ತು.

ವಿಚಾರಣೆಯಲ್ಲಿ ಒಪ್ಪಂದವಾಗದಿದ್ದರೆ ಮೇಲ್ಮನವಿ ಹಾಕಲು ರಾಜ್ಯದಲ್ಲಿ ಎಚ್‌ಒಎಗಳನ್ನು ನಿಯಂತ್ರಿಸುವ ಇಲಾಖೆ ಇಲ್ಲ. ಟೆಕ್ಸಾಸ್ ರಿಯಲ್ ಎಸ್ಟೇಟ್ ಕಮಿಷನ್‌ನ ಜಾಲತಾಣದಲ್ಲಿ ಸಂಘಗಳ ಪ್ರಮಾಣಪತ್ರಗಳು ಸಿಗುತ್ತವೆ, ಅಷ್ಟೇ. ಸಂಘ 209ನೆಯ ಅಧ್ಯಾಯವನ್ನು ಮೀರಿದ್ದರೆ ನೀವು ನಿಮ್ಮ ಪ್ರದೇಶದ ಜಸ್ಟಿಸ್ ಕೋರ್ಟಿಗೆ ಹೋಗಬಹುದು. ಸಣ್ಣ ವ್ಯಾಜ್ಯಗಳ ನ್ಯಾಯಾಲಯ ಅದು, ವಕೀಲರಿಲ್ಲದೆಯೂ ವಾದಿಸಬಹುದು. ಅಲ್ಲಿಯವರೆಗೆ ಹೋಗುವುದಾದರೆ ಮಾತ್ರ ಒಮ್ಮೆ ವಕೀಲರಿಗೆ ಕಾಗದಗಳನ್ನೆಲ್ಲ ತೋರಿಸಿ. ಇನ್ನೊಂದು ವಿಷಯ: ಉಲ್ಲಂಘನೆಯ ಪ್ರಕರಣ ಬಾಕಿಯಿದೆ ಎಂಬ ಕಾರಣಕ್ಕೆ ನಿಮ್ಮ ಮತದಾನದ ಹಕ್ಕನ್ನು ಕಿತ್ತುಕೊಳ್ಳುವಂತಿಲ್ಲ, ಬೋರ್ಡ್ ಚುನಾವಣೆಗೆ ನಿಲ್ಲುವುದನ್ನೂ ತಡೆಯುವಂತಿಲ್ಲ. ನಮ್ಮವರು ಇಷ್ಟು ಮನೆಗಳನ್ನು ಕೊಂಡಿದ್ದಾರೆ, ಆ ಮೇಜಿನ ಆ ಬದಿಯಲ್ಲಿ ಕೂತವರು ತೀರ ಕಡಿಮೆ. ಈ ವರ್ಷದ ಸಭೆಗಾದರೂ ಹೋಗಿ ಬನ್ನಿ.

ವಿಚಾರಣೆ ಕೇಳಿ ಸಂಘಕ್ಕೆ ಬರೆಯುವ ಪತ್ರದಲ್ಲಿ ಇಷ್ಟೇ ಇರಲಿ: ನಿವೇಶನದ ವಿಳಾಸ, ಅವರ ನೋಟಿಸಿನ ದಿನಾಂಕ, ‘209.007ರ ಪ್ರಕಾರ ಬೋರ್ಡ್ ಮುಂದೆ ವಿಚಾರಣೆ ಕೋರುತ್ತೇನೆ’ ಎಂಬ ವಾಕ್ಯ, ‘ದಾಖಲೆಗಳ ಕಟ್ಟನ್ನು ಹತ್ತು ದಿನ ಮುಂಚಿತವಾಗಿ ಕಳುಹಿಸಿ’ ಎಂಬ ವಾಕ್ಯ, ಚಪ್ಪರವನ್ನು ತೆಗೆಯುತ್ತಿದ್ದೇವೆ, ಕಟ್ಟೆಗೆ 202.018ರ ರಕ್ಷಣೆ ಇದೆ ಎಂದು ನಂಬಿದ್ದೇವೆ, ಎಸಿಸಿ ಅರ್ಜಿಯನ್ನೂ ಲಗತ್ತಿಸಿದ್ದೇವೆ ಎಂಬ ಮಾತು. ಸಿಟ್ಟಿನ ಒಂದು ಪದವೂ ಬೇಡ. ಇಮೇಲ್‌ನಲ್ಲೂ ಕಳುಹಿಸಿ, ಸರ್ಟಿಫೈಡ್ ಅಂಚೆಯಲ್ಲೂ ಕಳುಹಿಸಿ, ರಸೀದಿಯನ್ನು ಇಟ್ಟುಕೊಳ್ಳಿ. ಏಪ್ರಿಲ್ 3ರವರೆಗೆ ಕಾಯಬೇಡಿ, ಈ ವಾರವೇ ಹಾಕಿ. ವಿಚಾರಣೆಯ ದಿನ ಗೊತ್ತಾದ ಮೇಲೆ ಅಳತೆ ಹಾಕಿದ ಸರ್ವೆ ನಕ್ಷೆಯ ಪ್ರತಿಯೊಂದಿಗೆ ಮತ್ತೊಮ್ಮೆ ಬರೆಯಿರಿ. ಕಟ್ಟೆ ಗೆರೆಯ ಯಾವ ಕಡೆಗಿದೆ ಎಂಬುದು ತಿಳಿದರೆ ಮುಂದಿನ ಮಾತು ಸುಲಭ.